ಮೂರನೆಯ ಗಂಟೆಯ ಪರೀಕ್ಷೆ: ಕನ್ನಡಕ, ಓಲೆ ಮತ್ತು ಹೆಡ್‌ಫೋನ್

ಅಕ್ಕನ ಮಗನಿಗೆ ಹೊಸ ಕೆಲಸ ಸಿಕ್ಕಿದೆ. ಮೊದಲ ಸಂಬಳದಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಕೊಳ್ಳುವುದೆಂದು ತೀರ್ಮಾನಿಸಿ ಫೋನ್ ಮಾಡಿದ. "ಚಿಕ್ಕಮ್ಮ, ನಾದ ಚೆನ್ನಾಗಿರುವುದನ್ನು ತೆಗೆದುಕೊಳ್ಳಲೋ, ತಲೆಗೆ ಹಾಯಾಗಿರುವುದನ್ನೋ, ನೋಡಲು ಲಕ್ಷಣವಾಗಿರುವುದನ್ನೋ?" ಮೂರೂ ಬೇರೆ ಬೇರೆ ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ ಕೇಳಿದ. ಬರೆದು ಕಳಿಸುತ್ತೇನೆ ಎಂದೆ. ಬರೆಯುತ್ತ ಹೋದ ಹಾಗೆ ಅದು ಅವನೊಬ್ಬನಿಗೆ ಮಾತ್ರ ಹೇಳುವ ಮಾತಾಗಿ ಉಳಿಯಲಿಲ್ಲ.

ಇದನ್ನು ಹೇಳಲು ನನಗಿರುವ ಅರ್ಹತೆ ಇಷ್ಟೇ. ಬೆಂಗಳೂರಿನ ಹನುಮಂತನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಕನ್ನಡದ ಆಡಿಯೊ ಪುಸ್ತಕಗಳನ್ನು ತಿದ್ದುತ್ತೇನೆ. ಓದುವವರ ಏದುಸಿರು, ಒಣಗಿದ ನಾಲಗೆಯ ಲೊಚಲೊಚ, ತಪ್ಪಿದ ಮಹಾಪ್ರಾಣ, ಹಿನ್ನೆಲೆಯಲ್ಲಿ ನುಸುಳಿದ ಸೊಪ್ಪಿನವಳ ಕೂಗು, ಇವನ್ನೆಲ್ಲ ಹುಡುಕಿ ತೆಗೆಯುವುದು ಕೆಲಸ. ದಿನಕ್ಕೆ ಐದಾರು ಗಂಟೆ ಕಿವಿಯ ಮೇಲೆ ಹೆಡ್‌ಫೋನ್ ಕೂತಿರುತ್ತದೆ. ಒಂಬತ್ತು ವರ್ಷಗಳಲ್ಲಿ ಏಳು ಬಂದವು, ಐದು ಹೋದವು. ಉಳಿದ ಎರಡು ಮೇಜಿನ ಪಕ್ಕದ ಗೋಡೆಯ ಎರಡು ಮೊಳೆಗಳಲ್ಲಿ ನೇತಾಡುತ್ತಿವೆ. ಹೋದ ಐದರಲ್ಲಿ ನಾದ ಕೆಟ್ಟದ್ದೆಂದು ಬಿಟ್ಟದ್ದು ಒಂದೇ. ಇನ್ನೊಂದು ಮುರಿಯಿತು. ಮಿಕ್ಕ ಮೂರನ್ನು ತಲೆ ಒಪ್ಪಲಿಲ್ಲ.

ಕೊಳ್ಳಲು ಹೊರಡುವ ಮೊದಲು ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಈಗ ಇರುವ ಹೆಡ್‌ಫೋನೇ ಸಾಕು. ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವ, ಹಿಂಬದಿ ಮುಚ್ಚಿದ ಕ್ಲೋಸ್ಡ್ ಬ್ಯಾಕ್ ಬಗೆಯದಾದರೆ ಇನ್ನೂ ಒಳ್ಳೆಯದು. ಯಾವುದಾದರೂ ಸಂಗೀತ ಕಛೇರಿಯಲ್ಲಿ ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನವನ್ನು ಹಚ್ಚಿ, ಮೃದಂಗದ ಎಡಗೈಯ ಗುಮುಕಿ, ಅಂದರೆ ಆ ತಗ್ಗಿನ ಗುಂಕಾರ, ಬರುವವರೆಗೆ ಕಾಯಿರಿ. ಅದು ಬಂದಾಗ ಕಿವಿಯನ್ನು ಮುಚ್ಚುವ ಬಟ್ಟಲಿಗೂ, ಅಂದರೆ ಕಪ್ಪಿಗೂ, ಕೆನ್ನೆಗೂ ನಡುವೆ ಒಂದು ಪೆನ್ಸಿಲ್ ತೂರಿಸಿ. ಬಲಗೈಯ ಚಾಪು ಮೊದಲಿನಂತೆಯೇ ಟಣ್ಣೆನ್ನುತ್ತದೆ, ಎಡಗೈ ಮಾತ್ರ ಮೃದಂಗವನ್ನು ಬಿಟ್ಟು ರಟ್ಟಿನ ಡಬ್ಬಿಯನ್ನು ತಟ್ಟತೊಡಗುತ್ತದೆ. ಪೆನ್ಸಿಲ್ ತೆಗೆಯಿರಿ, ಗುಮುಕಿ ವಾಪಸು ಬರುತ್ತದೆ. ತಗ್ಗಿನ ಸ್ವರ ಕಿವಿಗೆ ಮುಟ್ಟಬೇಕಾದರೆ ಕಪ್ಪಿನೊಳಗೆ ಸಿಕ್ಕಿಬಿದ್ದ ಗಾಳಿಯನ್ನು ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಒತ್ತಬೇಕು, ಎಳೆಯಬೇಕು. ಎಲ್ಲೋ ಒಂದು ಸಂದಿ ಬಿಟ್ಟರೆ ಗಾಳಿ ಅಲ್ಲಿಂದ ಜಾರಿಕೊಳ್ಳುತ್ತದೆ. ಮೇಲಿನ ಸ್ವರಗಳಿಗೆ ಅಷ್ಟು ಕಷ್ಟವಿಲ್ಲ.

ಕನ್ನಡಕದ ಕಡ್ಡಿ ದಿನವಿಡೀ ಮಾಡುವುದು ಆ ಪೆನ್ಸಿಲಿನ ಕೆಲಸವನ್ನೇ. ಇದನ್ನು ನಾನು ಕಲಿತದ್ದು ಮಾನ ಕಳೆದುಕೊಂಡು. ನಾಲ್ಕು ವರ್ಷಗಳ ಹಿಂದೆ ದಪ್ಪ ಚೌಕಟ್ಟಿನ ಕನ್ನಡಕ ಮಾಡಿಸಿಕೊಂಡಿದ್ದೆ. ಅದೇ ವಾರ ಗಂಭೀರ ಕಂಠದವರೊಬ್ಬರ ಓದನ್ನು ತಿದ್ದಲು ಕುಳಿತೆ. ಗಂಡಸಿನ ದನಿಯ ತಳ ಇರುವುದು 100 ಹರ್ಟ್ಸ್‌ನ ಆಸುಪಾಸಿನಲ್ಲಿ. ನನಗೋ ದನಿ ಯಾಕೋ ತೆಳ್ಳಗೆ ಕೇಳಿಸಿತು. ಹೆಡ್‌ಫೋನಿನ ಮೇಲೆ ನಂಬಿಕೆಯಿಟ್ಟು ಬೇಸ್, ಅಂದರೆ ತಗ್ಗಿನ ಸ್ವರ, ಏರಿಸಿದೆ, ಸಾಲದೆಂದು ಇನ್ನಷ್ಟು ಏರಿಸಿದೆ, ಹನ್ನೊಂದು ಅಧ್ಯಾಯ ಮುಗಿಸಿ ಕಳಿಸಿದೆ. ಕೆಲಸ ಕೊಟ್ಟವರು ಸ್ಪೀಕರಿನಲ್ಲಿ ಕೇಳಿ ಫೋನ್ ಮಾಡಿದರು: "ಏನು ಮೇಡಂ, ಕುಂಭಕರ್ಣನನ್ನು ಎಬ್ಬಿಸಿ ಓದಿಸಿದ್ದೀರಾ?" ಹನ್ನೊಂದನ್ನೂ ಮೊದಲಿನಿಂದ ತಿದ್ದಿದೆ. ಅವತ್ತಿನಿಂದ ಕೆಲಸಕ್ಕೆಂದೇ ತೆಳು ತಂತಿಯ ಚೌಕಟ್ಟಿನ ಇನ್ನೊಂದು ಕನ್ನಡಕ ಇಟ್ಟುಕೊಂಡಿದ್ದೇನೆ. ಕನ್ನಡಕದವರು ಹೆಡ್‌ಫೋನಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ಮಾಡಿ. ಕಪ್ಪಿನ ಅಂಚಿನ ಮೆತ್ತೆಯನ್ನು, ಅಂದರೆ ಪ್ಯಾಡನ್ನು, ಆರಿಸುವಾಗಲೂ ಕಡ್ಡಿಯ ಸುತ್ತ ತಗ್ಗಿ ಕೂರುವ ಮೆತ್ತನೆಯ ಫೋಮ್ ಇದೆಯೇ ಎಂದು ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿ ಪ್ಯಾಡ್ ಸಂದಿಯನ್ನೂ ಬಿಡುತ್ತದೆ, ಕಿವಿಯ ಮೇಲಿನ ಮೂಳೆಯನ್ನೂ ಅರೆಯುತ್ತದೆ.

ಇದಕ್ಕೇ ಅಕ್ಕನ ಮಗನ ಮೂರು ತಟ್ಟೆಗಳನ್ನು ನಾನು ಒಪ್ಪುವುದಿಲ್ಲ. ತಲೆಯ ಮೇಲೆ ಸರಿಯಾಗಿ ಕೂರದ ಹೆಡ್‌ಫೋನ್ ಕೊಡುವ ನಾದವೂ ಅದರ ನಿಜವಾದ ನಾದವಲ್ಲ. ನೋವಾದಾಗ ನಮಗೇ ತಿಳಿಯದಂತೆ ಕಪ್ಪನ್ನು ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮೇಲಕ್ಕೆ ಸರಿಸುತ್ತೇವೆ. ಒಂದೊಂದು ಸಲ ಸರಿಸಿದಾಗಲೂ ಬೇರೆಯದೇ ಹೆಡ್‌ಫೋನ್ ಕೇಳುತ್ತಿರುತ್ತೇವೆ.

ಇನ್ನು ತಲೆಯ ಮಿಕ್ಕ ಆಭರಣಗಳು. ವಿಮರ್ಶೆ ಬರೆಯುವ ಗಂಡಸರಿಗೆ ಇವು ನೆನಪಾಗುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಜುಮುಕಿ ಹಾಕಿಕೊಂಡು ಹೆಡ್‌ಫೋನ್ ಹಾಕುವಂತಿಲ್ಲ, ಕಪ್ಪಿಗೆ ತಾಗಿ ಕಿಣಿಕಿಣಿ ಎನ್ನುತ್ತದೆ. ಓಲೆಯಾದರೆ ಪ್ಯಾಡಿನ ಒಳಗಿನ ರಂಧ್ರ ಅಗಲವಾಗಿರಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ತಿರುಪು ಕುತ್ತಿಗೆಗೆ ಚುಚ್ಚುತ್ತದೆ. ಹೊಲಿಗೆಯ ಟೇಪಿನಲ್ಲಿ ಕಿವಿಯ ಉದ್ದ ಅಳೆದುಕೊಳ್ಳಿ. ನನ್ನದು 6.2 ಸೆಂಟಿಮೀಟರ್. ಪ್ಯಾಡಿನ ಒಳರಂಧ್ರ ಅದಕ್ಕಿಂತ ಕಡಿಮೆ ಇದ್ದರೆ ಆ ಹೆಡ್‌ಫೋನ್ ಕಿವಿಯ ಸುತ್ತ ಕೂರುವುದಿಲ್ಲ, ಕಿವಿಯ ಮೇಲೆ ಕೂರುತ್ತದೆ. ಆಳವನ್ನೂ ನೋಡಬೇಕು. ಕಿವಿಯ ಅಂಚು ಒಳಗಿನ ಬಟ್ಟೆಗೆ ತಾಗುತ್ತಿದ್ದರೆ ಮೊದಲ ಹತ್ತು ನಿಮಿಷ ಗೊತ್ತಾಗುವುದಿಲ್ಲ, ಆಮೇಲೆ ಅದೊಂದೇ ಗೊತ್ತಾಗುತ್ತಿರುತ್ತದೆ. ತುರುಬನ್ನು ಎತ್ತರಕ್ಕೆ ಕಟ್ಟುವವರು ಎರಡು ಕಪ್ಪುಗಳನ್ನು ಕೂಡಿಸುವ ತಲೆಪಟ್ಟಿಯ ಜಾಗ ಬಿಟ್ಟು ಕಟ್ಟಬೇಕು. ಶುಕ್ರವಾರ ಮಲ್ಲಿಗೆ ಮುಡಿದ ದಿನ ನಾನು ಪಟ್ಟಿಯನ್ನು ಹಣೆಯ ಕಡೆಗೆ ಸರಿಸಿಕೊಂಡು ಕೂರುತ್ತೇನೆ, ನೋಡಲು ವಿಮಾನದ ಪೈಲಟ್ಟಿನಂತೆ ಕಾಣುತ್ತೇನಂತೆ.

ತೂಕಕ್ಕೆ ಬರೋಣ. ನಮ್ಮ ಅಡುಗೆಮನೆಯ ತೂಕದ ಯಂತ್ರದಲ್ಲಿ ಹಿಟ್ಟಿಗಿಂತ ಹೆಚ್ಚಾಗಿ ಹೆಡ್‌ಫೋನನ್ನೇ ತೂಗಿದ್ದೇನೆ. ಸೆನ್‌ಹೈಸರ್ ಎಚ್‌ಡಿ 600, 1997ರಲ್ಲಿ ಬಂದದ್ದು, ಈಗಲೂ ಜನ ಕೊಳ್ಳುವಂಥದ್ದು, ಕೇಬಲ್ ಬಿಟ್ಟು ಸುಮಾರು 260 ಗ್ರಾಂ. ಸ್ಟುಡಿಯೊಗಳಲ್ಲಿ ಕಾಣುವ ಬೇಯರ್‌ಡೈನಮಿಕ್ ಡಿಟಿ 770 ಪ್ರೊ 270ರ ಹತ್ತಿರ. ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಸುಮಾರು 250. ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385ರ ಆಸುಪಾಸು. ಆಡೀಜ್ ಎಲ್‌ಸಿಡಿ-ಎಕ್ಸ್ 600 ಗ್ರಾಂ ದಾಟುತ್ತದೆ, ಅಂದರೆ ಅರ್ಧ ಕಿಲೊ ಸಕ್ಕರೆಯ ಪೊಟ್ಟಣದ ಮೇಲೆ ಇನ್ನೂ ನೂರು ಗ್ರಾಂ ಕಾಫಿಪುಡಿ. ಈ ಕೊನೆಯ ಜಾತಿಯವು ಪ್ಲೇನಾರ್ ಮ್ಯಾಗ್ನೆಟಿಕ್. ತೆಳುವಾದ ಹಾಳೆಯೊಂದನ್ನು ಅದರ ಉದ್ದಗಲಕ್ಕೂ ಅಲುಗಿಸಲು ಸಾಲು ಸಾಲು ಅಯಸ್ಕಾಂತ ಬೇಕಾಗುವುದರಿಂದ ಭಾರ ಸಹಜ. ಆ ಭಾರಕ್ಕೆ ಪ್ರತಿಫಲವಾಗಿ ಸಿಗುವ ಬೇಸ್ ಬಹಳ ಚೊಕ್ಕಟವಾದದ್ದು, ಅದನ್ನು ಕೇಳಿ ಮನಸ್ಸು ಜಾರಿದ್ದರೆ ತಪ್ಪೇನಿಲ್ಲ. ನನ್ನ ಮಟ್ಟಿಗೆ 300 ಗ್ರಾಂ ಗಡಿ. 350ರವರೆಗೆ ತಲೆಪಟ್ಟಿಯ ಕೆಳಗೆ ತೂಗುಬಿದ್ದಿರುವ ಅಗಲವಾದ ತೂಗುಪಟ್ಟಿ ಇದ್ದರೆ ನಡೆಯುತ್ತದೆ, ಭಾರ ನೆತ್ತಿಯ ತುಂಬ ಹಂಚಿಕೊಳ್ಳುತ್ತದೆ. ಪಟ್ಟಿಯ ಕೆಳಗೆ ಉಬ್ಬುಗಳಿದ್ದರೆ 230 ಗ್ರಾಂ ಆದರೂ ನೆತ್ತಿಯಲ್ಲಿ ಒಂದೇ ಚುಕ್ಕೆ ಉರಿಯತೊಡಗುತ್ತದೆ. ಹಾಗಾಗಿ ಅಂಕಿಯನ್ನು ನೋಡಿದ ಮೇಲೆ ಪಟ್ಟಿಯನ್ನು ತಿರುಗಿಸಿ ಕೆಳಭಾಗವನ್ನೂ ನೋಡಿ.

ಕಪ್ಪುಗಳು ತಲೆಯನ್ನು ಒತ್ತಿ ಹಿಡಿಯುವ ಹಿಡಿತದ ವಿಷಯದಲ್ಲಿ ಹೊಸದನ್ನು ನೋಡಿ ಹೆದರಬೇಡಿ. ಹೊಸ ಚಪ್ಪಲಿಯ ಹಾಗೆ ಕೆಲವು ಬಿಗಿಯಾಗಿಯೇ ಬರುತ್ತವೆ. ರಾತ್ರಿ ಮಲಗುವಾಗ ನಿಮ್ಮ ತಲೆಯಷ್ಟೇ ಅಗಲದ ಪುಸ್ತಕದ ಕಟ್ಟಿಗೆ ಹಾಕಿಡಿ. ನಾನು ನಿಘಂಟಿನ ಎರಡು ಸಂಪುಟಗಳನ್ನು ಒತ್ತಾಗಿ ನಿಲ್ಲಿಸುತ್ತೇನೆ. ಒಂದು ವಾರದಲ್ಲಿ ಹದಕ್ಕೆ ಬರುತ್ತದೆ. ಪಟ್ಟಿ ಪ್ಲಾಸ್ಟಿಕ್ಕಿನದಾದರೆ ತಲೆಗಿಂತ ಅಗಲವಾದದ್ದಕ್ಕೆ ಸಿಕ್ಕಿಸಬೇಡಿ, ಮುರಿದೀತು. ತೀರ ಸಡಿಲ ಮಾಡಿಕೊಳ್ಳುವುದೂ ಬೇಡ, ಮತ್ತೆ ಪೆನ್ಸಿಲಿನ ಕಥೆಯೇ ಆಗುತ್ತದೆ.

ಈಗ ಅಂಗಡಿ. ನಾನು ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ ಇಂದಿರಾನಗರಕ್ಕೆ ಹೋಗುತ್ತೇನೆ, ಅದೂ ವಾರದ ನಡುವಿನ ದಿನ, ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ. ಶನಿವಾರ ಸಂಜೆ ಹೋದರೆ ನಿಮ್ಮ ಬೆನ್ನ ಹಿಂದೆ ನಾಲ್ಕು ಜನ ನಿಂತಿರುತ್ತಾರೆ, ಎರಡೇ ನಿಮಿಷದಲ್ಲಿ ತೀರ್ಪು ಕೊಡಬೇಕಾಗುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ಹಾಯಾಗಿಯೇ ಇರುತ್ತವೆ. ಇಷ್ಟವಾದದ್ದನ್ನು ಹಾಕಿಕೊಂಡು ಕನಿಷ್ಠ ನಲವತ್ತು ನಿಮಿಷ ಅಲ್ಲೇ ಕುಳಿತುಕೊಳ್ಳಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಅದು ನಿಮ್ಮ ಅಂಗಡಿಯಲ್ಲ. ಕೇಳದೆ ಕೊಳ್ಳಲೇಬೇಕಾದರೆ ವಾಪಸು ಪಡೆಯುವ ನಿಯಮವನ್ನು ಮೊದಲೇ ಓದಿಕೊಂಡು, ಆ ದಿನಗಳೊಳಗೆ ಒಂದು ಪೂರ್ತಿ ಮಧ್ಯಾಹ್ನ ಹಾಕಿಕೊಂಡು ನೋಡಿ. ನನ್ನ ಅನುಭವದಲ್ಲಿ ಎರಡನೆಯ ಗಂಟೆ ದಾಟಿದ ಮೇಲೆ ನಿಜ ಹೊರಬರುತ್ತದೆ.

ಎರಡನ್ನು ಹೋಲಿಸುವಾಗ ಗಟ್ಟಿಯಾಗಿರುವುದು ಗೆಲ್ಲದಂತೆ ನೋಡಿಕೊಳ್ಳಿ. ಒಂದೇ ವಾಲ್ಯೂಮಿನಲ್ಲಿ ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಜೋರಾಗಿ ನುಡಿಯುತ್ತದೆ, ಒಂದೆರಡು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನೇ "ಸ್ಪಷ್ಟ" ಎಂದು ಹೊಗಳಿಬಿಡುತ್ತದೆ. ಪ್ರತಿ ಸಲವೂ ವಾಲ್ಯೂಮ್ ಹೊಂದಿಸಿ ಒಂದೇ ಗಟ್ಟಿತನಕ್ಕೆ ತನ್ನಿ. ಅಂಗಡಿಯವರು ತಾವಾಗಿ ಹಚ್ಚುವ ಹಾಡನ್ನು ನಯವಾಗಿ ನಿಲ್ಲಿಸಿ. ಯಾವ ಹೆಡ್‌ಫೋನಿನಲ್ಲೂ ಚೆನ್ನಾಗಿ ಕೇಳುತ್ತದೆಂದೇ ಅದನ್ನು ಆರಿಸಿರುತ್ತಾರೆ. ನೀವು ನೂರು ಸಲ ಕೇಳಿದ್ದನ್ನು ಒಯ್ಯಿರಿ.

ನಾನು ಒಯ್ಯುವುದು ಮೂರು. ಮೊದಲನೆಯದು ತಂಬೂರಿ, ಗಾಯನ ಶುರುವಾಗುವ ಮೊದಲಿನ ಅರ್ಧ ನಿಮಿಷ. ಕೆ.ಆರ್. ರಸ್ತೆಯ ಗಾಯನ ಸಮಾಜದ ಮುಂದಿನ ಸಾಲಿನಲ್ಲಿ ಚಿಕ್ಕಂದಿನಿಂದ ಕುಳಿತು ಆ ಝೇಂಕಾರ ಹೇಗಿರುತ್ತದೆಂದು ನನ್ನ ಕಿವಿಗೆ ಗೊತ್ತು. ತಂಬೂರಿಯ ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ನೂಲಿನ ಎಳೆ ಸರಿಯಾದ ಜಾಗದಲ್ಲಿದ್ದಾಗ ಒಂದೊಂದು ಮೀಟಿಗೂ ಉಪಸ್ವರಗಳು ಮೆಟ್ಟಿಲಿಳಿದು ಬಂದಂತೆ ಬರುತ್ತವೆ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಮೆಟ್ಟಿಲು ಬಿಡಿಬಿಡಿಯಾಗಿ ಕೇಳುತ್ತದೆ, ಕೆಟ್ಟದ್ದರಲ್ಲಿ ಸೊಳ್ಳೆ ಗುಂಯ್ಗುಟ್ಟಿದಂತೆ. ಎರಡನೆಯದು ಮೃದಂಗ, ಮೇಲೆ ಹೇಳಿದ ಕಾರಣಕ್ಕೆ. ರಾಮನವಮಿಯ ಪೆಂಡಾಲಿನ ಧ್ವನಿವರ್ಧಕದಲ್ಲೇ ಕಿವಿ ಬೆಳೆಸಿಕೊಂಡವರು ಇಲ್ಲಿ ಸ್ವಲ್ಪ ಜಾಗ್ರತೆ, ನಿಮಗೆ ಎದೆ ನಡುಗಿಸುವಷ್ಟು ಬೇಸ್ ಬಂದರೇ ಸಮಾಧಾನ. ಮೂರನೆಯದು ನನ್ನ ಕಸುಬಿನದು: ನನ್ನದೇ ದನಿಯಲ್ಲಿ ಮಾಡಿಕೊಂಡ ಒಂದು ನಿಮಿಷದ ರೆಕಾರ್ಡಿಂಗ್. "ದನ, ಧನ, ಕರ, ಖರ, ಸಾಲೆ, ಶಾಲೆ, ವಿಷ, ವಿಶ್ವ." ಮಹಾಪ್ರಾಣವೆಂದರೆ ಒಂದು ಚೂರು ಉಸಿರಷ್ಟೇ. ಆ ಉಸಿರು ಕೇಳದ ಹೆಡ್‌ಫೋನಿನಲ್ಲಿ ಎಲ್ಲ ಧನವೂ ದನವಾಗುತ್ತದೆ. ಟ್ರೆಬಲ್, ಅಂದರೆ ಮೇಲಿನ ಸ್ವರ, ಅತಿಯಾಗಿ ಎತ್ತಿ ಕಟ್ಟಿದ್ದರಲ್ಲಿ ಇದರ ತಿರುವುಮುರುವು, ಸಕಾರವೆಲ್ಲ ಒಗ್ಗರಣೆಯ ಸಾಸಿವೆ. ಮೊದಲ ಐದು ನಿಮಿಷ ಇದೇ ಸಾಸಿವೆ "ಎಷ್ಟು ವಿವರ!" ಎಂಬ ಬೆರಗು ಹುಟ್ಟಿಸುತ್ತದೆ. ಮೂರನೆಯ ಗಂಟೆಗೆ ಹಣೆ ಹಿಡಿದುಕೊಳ್ಳುತ್ತದೆ. ಆ ತಲೆನೋವನ್ನು ನಾದದ ಲೆಕ್ಕಕ್ಕೆ ಬರೆಯುತ್ತೀರೋ, ಆರಾಮದ ಲೆಕ್ಕಕ್ಕೋ?

ಓಪನ್ ಬ್ಯಾಕೋ ಕ್ಲೋಸ್ಡ್ ಬ್ಯಾಕೋ ಎಂಬುದನ್ನು ನಿಮ್ಮ ಕೋಣೆ ತೀರ್ಮಾನಿಸಲಿ. ಹಿಂಬದಿ ತೆರೆದ ಹೆಡ್‌ಫೋನ್‌ಗಳ ದಾರಿ ತೆರೆದದ್ದು 1968ರ ಸೆನ್‌ಹೈಸರ್ ಎಚ್‌ಡಿ 414. ಹಳದಿ ಸ್ಪಂಜಿನ ಆ ಹಗುರ ವಸ್ತುವನ್ನು ಹಳೆಯ ಚಿತ್ರಗಳಲ್ಲಿ ನೋಡಿರುತ್ತೀರಿ. ಓಪನ್ ಬ್ಯಾಕಿನಲ್ಲಿ ಗಾಳಿಯಾಡುತ್ತದೆ, ಏಪ್ರಿಲ್ ತಿಂಗಳಲ್ಲೂ ಕಿವಿ ಬೇಯುವುದಿಲ್ಲ, ಹಾಡು ತಲೆಯೊಳಗೆ ಒತ್ತರಿಸದೆ ಸ್ವಲ್ಪ ಆಚೆ ನಿಂತು ಕೇಳಿಸುತ್ತದೆ. ಆದರೆ ಬೆಂಗಳೂರು ಪೂರ್ತಿಯಾಗಿ ಒಳಗೆ ಬರುತ್ತದೆ: ಎದುರು ಮನೆಯ ಬೋರ್‌ವೆಲ್, ಕುಕ್ಕರಿನ ಸೀಟಿ, ತಿರುವಿನಲ್ಲಿ ಬಸ್ಸಿನ ಹಾರ್ನ್. ಒಳಗಿನದ್ದೂ ಹೊರಗೆ ಹೋಗುತ್ತದೆ. ಪಕ್ಕದ ಕೋಣೆಯ ನಮ್ಮ ಅತ್ತೆಯವರು ನಾನು ತಿದ್ದುತ್ತಿರುವ ಕಾದಂಬರಿಯ ಮುಂದಿನ ಅಧ್ಯಾಯವನ್ನು ಕಾಯುತ್ತಿರುತ್ತಾರೆ. ಹೊರಗಿನ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುವುದು ಇನ್ನೊಂದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. 3 ಡೆಸಿಬೆಲ್ ಏರಿದರೆ ಆ 40 ಅರ್ಧಕ್ಕಿಳಿಯುತ್ತದೆ. ವಾರಕ್ಕೆ ಮೂವತ್ತು ಗಂಟೆ ದಾಟುವ ನನ್ನಂಥವಳಿಗೆ ಇದು ಬರಿಯ ಅಂಕಿಯಲ್ಲ. ಹಾಗಾಗಿ ಹಗಲಿಗೆ ಕ್ಲೋಸ್ಡ್ ಬ್ಯಾಕ್, ರಾತ್ರಿ ಹತ್ತರ ಮೇಲೆ ಓಪನ್ ಬ್ಯಾಕ್. ಎರಡು ಮೊಳೆ ಅದಕ್ಕೇ. ಬಸ್ಸು, ಮೆಟ್ರೊದಲ್ಲಿ ಓಡಾಡುವಾಗ ಹಾಕುವುದಿದ್ದರೆ ಗದ್ದಲ ಅಳಿಸುವ ಬ್ಲೂಟೂತ್‌ನವೇ ಸರಿ. ಎಂಜಿನ್ನಿನ ಗುರುಗುಟ್ಟುವಿಕೆಯಂಥ ತಗ್ಗಿನ ಸದ್ದನ್ನು ಅವು ಚೆನ್ನಾಗಿ ನುಂಗುತ್ತವೆ.

ಓಮ್ (ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆಯ ಅಳತೆ), ಆ್ಯಂಪ್ಲಿಫೈಯರ್ ಎಂದು ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಎಚ್‌ಡಿ 600 ಥರದ 300 ಓಮ್‌ನವಕ್ಕೆ ಹೆಚ್ಚು ವೋಲ್ಟೇಜ್ ಬೇಕು, ಫೋನಿನಲ್ಲಿ ದನಿ ತಗ್ಗಿಯೇ ಇರಬಹುದು. ಫೋನಿನಲ್ಲೇ ಕೇಳುವುದಾದರೆ ಅಂಗಡಿಗೂ ಅದೇ ಫೋನ್ ಒಯ್ದು ಅದರಲ್ಲೇ ಕೇಳಿ, ಮುಗಿಯಿತು.

ಬೆಲೆಯ ಬಗ್ಗೆ ಒಂದು ಮಾತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಬೆಲೆಯ ಜೊತೆಗಿಟ್ಟು ನೋಡಿತು. ತಗ್ಗಿನಿಂದ ತಾರದವರೆಗಿನ ಸ್ವರಗಳ ಸಮತೋಲಕ್ಕೂ ಬೆಲೆಗೂ ನಂಟೇ ಕಾಣಲಿಲ್ಲ. ಇನ್ನೊಂದು ಸಮಾಧಾನ, ಸಮತೋಲ ಸ್ವಲ್ಪ ತಪ್ಪಿದ್ದರೆ, ತಗ್ಗಿನ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ತಿದ್ದಿಕೊಳ್ಳಬಹುದು. ಸಾಸಿವೆಯ ಸಕಾರವನ್ನು ನಾನು 8 ಕಿಲೊಹರ್ಟ್ಸ್‌ನ ಸುತ್ತ ಮೂರು ಡೆಸಿಬೆಲ್ ಇಳಿಸಿ ಎಷ್ಟೋ ಸಲ ಶಮನ ಮಾಡಿದ್ದೇನೆ. ನೆತ್ತಿಯ ಮೇಲಿನ 600 ಗ್ರಾಂ ಇಳಿಸುವ ಆ್ಯಪ್ ಇನ್ನೂ ಬಂದಿಲ್ಲ. ಎರಡರ ನಡುವೆ ತೂಗಾಡುತ್ತಿದ್ದರೆ, ನಾದದಲ್ಲಿ ಒಂದಿಷ್ಟು ಕೊರತೆಯಿದ್ದು ತಲೆಗೆ ಒಗ್ಗಿದ್ದನ್ನೇ ಆರಿಸಿ ಎಂದು ನಾನು ಹೇಳುವುದು ಇದರಿಂದಲೇ. ತಂಬೂರಿಯನ್ನು ಸೊಳ್ಳೆ ಮಾಡುವಂಥದ್ದನ್ನು ಮಾತ್ರ ಎಷ್ಟು ಮೆತ್ತಗಿದ್ದರೂ ತರಬೇಡಿ, ಯಾವ ಈಕ್ವಲೈಜರೂ ಅದನ್ನು ಉದ್ಧಾರ ಮಾಡದು.

ಅಂದಚೆಂದಕ್ಕೆ ನಾನು ಶತ್ರುವಲ್ಲ. ಮರದ ಕಪ್ಪಿನ ಒಂದನ್ನು ಅದರ ಮೈಬಣ್ಣಕ್ಕೇ ಸೋತು ತಂದಿದ್ದೆ, ಹಲಸಿನ ಮರದ ವೀಣೆಯನ್ನು ಚಿಕ್ಕದಾಗಿ ಮಾಡಿ ತಲೆಗೆ ಕಟ್ಟಿಕೊಂಡಂತೆ ಇತ್ತು. ಹತ್ತು ತಿಂಗಳಿಗೆ ಕಪ್ಪನ್ನು ಪಟ್ಟಿಗೆ ಕೂಡಿಸುವ ತೆಳು ಕೀಲು ಮುರಿಯಿತು, ಬಿಡಿಭಾಗ ಸಿಗಲಿಲ್ಲ. ಈಗ ವಿನ್ಯಾಸವೆಂದರೆ ನಾನು ಮೊದಲು ನೋಡುವುದು ಸ್ಕ್ರೂಗಳನ್ನು. ಸ್ಕ್ರೂ ಕಾಣುತ್ತದೆಯೆಂದರೆ ಬಿಚ್ಚಬಹುದು, ಬಿಚ್ಚಬಹುದಾದರೆ ರಿಪೇರಿ ಮಾಡಬಹುದು. ಕೇಬಲ್ ಕಳಚಿ ಹಾಕುವಂತಿರಬೇಕು. ಮೊದಲು ಸಾಯುವುದೇ ಅದು, ಜಾಕ್ ಸೇರುವ ಬುಡದಲ್ಲಿ. ಎಸ್.ಪಿ. ರಸ್ತೆಯಲ್ಲಿ ಜಾಕ್ ಬೆಸೆದು ಕೊಡುವವರು ಈಗಲೂ ಇದ್ದಾರೆ ನಿಜ, ಆದರೆ ಪ್ರತಿ ವರ್ಷ ಆ ಜನಜಂಗುಳಿಯಲ್ಲಿ ನುಗ್ಗುವ ಚೈತನ್ಯ ನನಗಿಲ್ಲ. ಕೇಬಲ್ಲನ್ನು ಉಗುರಿನಿಂದ ಕೆರೆದೂ ನೋಡಿ. ಆ ಕೆರೆತ ಕಿವಿಗೆ ಬಂದರೆ ನಿಮ್ಮ ಅಂಗಿಯ ಗುಂಡಿಗೆ ತಾಗಿದಾಗಲೆಲ್ಲ ಬರುತ್ತದೆ.

ಕೊನೆಯದಾಗಿ ಪ್ಯಾಡ್. ಕೃತಕ ಚರ್ಮದ್ದು ಒತ್ತಾಗಿ ಕೂತು ಬೇಸ್ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೆವರು, ಸೆಕೆ, ಕೊಬ್ಬರಿ ಎಣ್ಣೆ ಮೂರೂ ಅದಕ್ಕೆ ವೈರಿಗಳು. ತೇವಕ್ಕೆ ಅದರ ಪಾಲಿಯುರೆಥೇನ್ ಪದರ ತಾನಾಗಿಯೇ ಶಿಥಿಲವಾಗುತ್ತದೆ, ಪೆಟ್ಟಿಗೆಯಲ್ಲಿ ಸುಮ್ಮನೆ ಇಟ್ಟರೂ. ನನ್ನದೊಂದು ಎರಡನೆಯ ಬೇಸಿಗೆಗೆ ಸುಲಿಯತೊಡಗಿತು. ಊಟಕ್ಕೆ ಬಡಿಸಲು ಬಂದಾಗ ಅತ್ತೆಯವರು ನನ್ನ ಕೆನ್ನೆಯನ್ನೇ ನೋಡಿ, "ಇದೇನಮ್ಮ, ಈ ವಯಸ್ಸಿನಲ್ಲಿ ದೃಷ್ಟಿಬೊಟ್ಟು?" ಎಂದರು. ಕನ್ನಡಿ ನೋಡಿದರೆ ಕಪ್ಪು ಚಕ್ಕೆ. ವೆಲೂರ್ ಬಟ್ಟೆಯ ಪ್ಯಾಡ್ ಸುಲಿಯುವುದಿಲ್ಲ, ಬೆವರನ್ನೂ ಆರಗೊಡುತ್ತದೆ. ಬದಲಿಗೆ ಧೂಳು, ಕೂದಲು ಹಿಡಿಯುತ್ತದೆ. ತಲೆಗೆ ಎಣ್ಣೆ ಹಚ್ಚಿದ ದಿನ ಪಟ್ಟಿಯ ಕೆಳಗೆ ಹಳೆಯ ಹತ್ತಿ ಕರವಸ್ತ್ರ ಮಡಿಸಿ ಇಡಿ. ಒರೆಸಲು ನೀರು ಹಿಂಡಿದ ಬಟ್ಟೆ ಸಾಕು, ಸ್ಪಿರಿಟ್ ತಾಗಿಸಬೇಡಿ. ಪ್ಯಾಡ್ ಚಪ್ಪಟೆಯಾದಂತೆ ಡ್ರೈವರ್ ಕಿವಿಗೆ ಹತ್ತಿರವಾಗಿ ನಾದವೂ ಬದಲಾಗುತ್ತದೆ, ಆದ್ದರಿಂದ ಅದೇ ಕಂಪನಿಯ ಬದಲಿ ಪ್ಯಾಡ್ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ವಿಚಾರಿಸಿ. ಬೇರೆಯವರ ದಪ್ಪ ಪ್ಯಾಡ್ ಹಾಕಿದರೆ ಹಾಯೆನಿಸಬಹುದು, ಆದರೆ ನೀವು ಕೇಳಿ ಮೆಚ್ಚಿದ ಹೆಡ್‌ಫೋನ್ ಅದಾಗಿರುವುದಿಲ್ಲ.

ಅಕ್ಕನ ಮಗ ಮಾರತಹಳ್ಳಿಯ ಪಿಜಿಯಲ್ಲಿ ಇನ್ನೊಬ್ಬನ ಜೊತೆ ಕೋಣೆ ಹಂಚಿಕೊಂಡಿದ್ದಾನೆ, ಅಂದಮೇಲೆ ಓಪನ್ ಬ್ಯಾಕ್ ಆಗುವುದಿಲ್ಲ. ಅವನ ಕನ್ನಡಕದ ಕಡ್ಡಿ ನನ್ನ ಹಳೆಯದಕ್ಕಿಂತ ದಪ್ಪ. ಇಷ್ಟನ್ನೂ ಬರೆದು ಕಳಿಸಿದ ಮೇಲೆ ಮರುದಿನ ಉತ್ತರ ಬಂತು: ಗೆಳೆಯರಿಂದ ಎರಡು ಹೆಡ್‌ಫೋನ್ ಎರವಲು ಸಿಕ್ಕಿವೆ, ಒಂದು ಕ್ಲೋಸ್ಡ್ ಬ್ಯಾಕ್, ವೆಲೂರ್ ಪ್ಯಾಡಿನದು, ಇನ್ನೊಂದು "ಬಹಳ ಚೆಂದದ್ದು". ಭಾನುವಾರ ಊಟಕ್ಕೆ ಬಾ, ಊಟವಾದ ಮೇಲೆ ಒಂದನ್ನು ಹಾಕಿಕೊಂಡು ನಾಲ್ಕೂವರೆಯ ಕಾಫಿಯವರೆಗೆ ತೆಗೆಯದೆ ಕುಳಿತಿರು, ಇನ್ನೊಂದು ಮುಂದಿನ ಭಾನುವಾರಕ್ಕೆ ಎಂದಿದ್ದೇನೆ. ತೂಕದ ಯಂತ್ರದ ಮೇಲಿನ ಹಿಟ್ಟು ಒರೆಸಿ ಇಟ್ಟಿದ್ದೇನೆ.